‘ಬದುಯ್’ ಅಂದರೆ ಬರೀ ಹಳೇ ಫ್ಯಾಶನ್ ಅಲ್ಲ

ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಭಾನುವಾರದ ಪುರವಣಿಯಲ್ಲಿ ಫಿಲಿಪ್ಪೀನ್ಸ್‌ನ ಆಡುಮಾತುಗಳ ಚಿಕ್ಕ ಪಟ್ಟಿ ಬಂದಿತ್ತು. ನೋಡಿ ಖುಷಿಯಾಯಿತು. ಜೊತೆಗೆ ಸ್ವಲ್ಪ ಕಸಿವಿಸಿಯೂ ಆಯಿತು. ‘ಬದುಯ್: ಹಳೇ ಫ್ಯಾಶನ್ನಿನ’, ‘ಇಂದಾಯ್: ಮನೆಗೆಲಸದವಳು’ ಅಂತ ಒಂದೆರಡು ಪದದಲ್ಲಿ ಅರ್ಥ ಮುಗಿಸಿಬಿಟ್ಟಿದ್ದೀರಿ. ನಾನು ದಾವಣಗೆರೆಯವನು, ಮೆಡಿಕಲ್ ಓದಿದ್ದು ಅಲ್ಲಿನ ದಾವಾವೊ ನಗರದಲ್ಲಿ. ಕರ್ನಾಟಕದ ಎಷ್ಟೋ ಮಕ್ಕಳು ಈಗಲೂ ಅಲ್ಲಿಗೆ ಓದಲು ಹೋಗುತ್ತಾರೆ. ಅವರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಬದುಯ್ ಮೇಲ್ನೋಟಕ್ಕೆ ಬಟ್ಟೆಬರೆಯ ಮಾತೇ. ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ, ಅದಕ್ಕೆ ಹೊಂದದ ಪ್ಯಾಂಟು, ಸಾಕ್ಸ್ ಮೇಲೆ ಚಪ್ಪಲಿ, ಇಂಥದ್ದಕ್ಕೆ ಅನ್ನುತ್ತಾರೆ. ಗೆಳೆಯರು ರೇಗಿಸಲು ಅನ್ನುತ್ತಾರೆ, ತಮ್ಮನ್ನೇ ಅಂದುಕೊಂಡು ನಗುವವರೂ ಇದ್ದಾರೆ. ಅಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಅದರ ಅಕ್ಕತಂಗಿ ಪದಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ‘ಪ್ರೋಮ್ದಿ’ ಅಂದರೆ ಹಳ್ಳಿಗಾಡಿನಿಂದ ಬಂದವನು. ‘ಫ್ರಮ್ ದಿ ಪ್ರಾವಿನ್ಸ್’ ಎನ್ನುವುದನ್ನು ಹಳ್ಳಿಯವರ ನಾಲಗೆಯಲ್ಲಿ ಹೇಳಿಸಿ ಮಾಡಿದ ಪದ ಅದು. ನಮ್ಮಲ್ಲಿ ಯಾರಾದರೂ ‘ಪೋನ್ ಮಾಡ್ತೀನಿ’ ಅಂದರೆ ನಗುವವರಿದ್ದಾರಲ್ಲ, ಥೇಟ್ ಹಾಗೆ. ಜೋಪಡಿಯಲ್ಲಿ ಇರುವವರನ್ನು ‘ಇಸ್ಕ್ವಾಟರ್’ ಅನ್ನುತ್ತಾರೆ. ಆಮೇಲೆ ಯಾರದ್ದೋ ನಡತೆ ಸರಿಯಿಲ್ಲ ಅನ್ನಿಸಿದರೂ ಅದೇ ಪದ! ಅಂಗಿಯಿಂದ ಶುರುವಾದ ಮಾತು ಹೀಗೆ ಊರು, ಉಚ್ಚಾರ, ವಾಸದ ಜಾಗದವರೆಗೂ ಹೋಗುತ್ತದೆ.

ಇವುಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ‘ಬಕ್ಯಾ’. ಬಕ್ಯಾ ಅಂದರೆ ಮರದ ಚಪ್ಪಲಿ, ನಮ್ಮ ಹಾವುಗೆಯ ದಾಯಾದಿ ಅನ್ನಿ. ಹಗುರ ಮರದ ಅಟ್ಟೆಗೆ ಒಂದು ಪಟ್ಟಿ ಹೊಡೆದಿರುತ್ತಾರೆ. ಎರಡನೇ ಮಹಾಯುದ್ಧದ ಕಾಲದ ಜಪಾನೀಯರ ಆಳ್ವಿಕೆಯಲ್ಲಿ ಚರ್ಮದ ಶೂ ಸಿಗುವುದೇ ಕಷ್ಟವಾಗಿದ್ದಾಗ ಇದನ್ನು ಮೆಟ್ಟಿದವರು ಬಹಳ ಜನ. ಆಮೇಲೆ ಬಡವರ ಕಾಲಲ್ಲಿ ಮಾತ್ರ ಉಳಿಯಿತು. 1950ರ ದಶಕದಲ್ಲಿ ರಾಜಧಾನಿ ಮನಿಲಾದ ಸಿನಿಮಾದವರ ಬಾಯಲ್ಲಿ ‘ಬಕ್ಯಾ ಕ್ರೌಡ್’ ಎಂಬ ಮಾತು ಬಂತು. ಒಳ್ಳೆಯ ಚಿತ್ರ ಮಾಡಿದರೂ ಓಡುವುದಿಲ್ಲ, ಬಕ್ಯಾ ಹಾಕಿದ ಜನಕ್ಕೆ ಅದು ಅರ್ಥವಾಗುವುದಿಲ್ಲ ಎಂಬ ಸಿಟ್ಟು ಅದರಲ್ಲಿತ್ತು. ನಿರ್ದೇಶಕ ಲಾಂಬರ್ಟೊ ಅವೆಲ್ಲಾನ ಈ ಮಾತನ್ನು ಬಳಕೆಗೆ ತಂದರು ಎನ್ನುತ್ತಾರೆ. ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಟಾಕೀಸಿನ ‘ಗಾಂಧಿ ಕ್ಲಾಸ್’. ಪರದೆಯ ಮುಂದಿನ ಕಡಿಮೆ ದುಡ್ಡಿನ ಸೀಟು ಅದು. ‘ಗಾಂಧಿ ಕ್ಲಾಸ್ ಟೇಸ್ಟು’ ಅಂತ ನಾವೂ ಎಷ್ಟು ಸಲ ಅಂದಿಲ್ಲ? ಅಲ್ಲಿ ಚಪ್ಪಲಿ, ಇಲ್ಲಿ ಸೀಟು.

ಕಾಲ ಬದಲಾದ ಹಾಗೆ ಪದವೂ ಬದಲಾಗಿದೆ. 1990ರ ದಶಕದ ಕೊನೆಗೆ ‘ಜೋಲೊಗ್ಸ್’ ಬಂತು. ನಟಿ, ಗಾಯಕಿ ಜೋಲಿನಾ ಮಗ್ದಾಂಗಲ್ ತಲೆತುಂಬ ಬಣ್ಣಬಣ್ಣದ ಚಿಟ್ಟೆ ಕ್ಲಿಪ್ ಸಿಕ್ಕಿಸಿಕೊಳ್ಳುತ್ತಿದ್ದರು. ಅವರ ಅಭಿಮಾನಿಗಳನ್ನು ಆಡಿಕೊಳ್ಳಲು ಹುಟ್ಟಿದ ಪದ ಇದು ಎಂದು ಹೇಳುವವರಿದ್ದಾರೆ. ಆಮೇಲೆ ‘ಜೆಜೆಮೊನ್’. ಮೊಬೈಲ್ ಮೆಸೇಜಿನಲ್ಲಿ ಅಕ್ಷರದ ನಡುವೆ ಅಂಕಿ ತುರುಕಿ, ಇದ್ದ ಪದವನ್ನು ಇನ್ನಷ್ಟು ಉದ್ದ ಮಾಡಿ ಬರೆಯುವ ಹುಡುಗರಿಗೆ ಆ ಹೆಸರು. 2010ರಲ್ಲಿ ಅದು ಅಲ್ಲಿ ‘ವರ್ಷದ ಪದ’ವೂ ಆಯಿತು. ಮಕ್ಕಳು ಹೀಗೆ ಬರೆಯಬಾರದು ಎಂದು ಶಿಕ್ಷಣ ಇಲಾಖೆಯೇ ಹೇಳಬೇಕಾಯಿತು. ಸಾಹುಕಾರರ ಮಕ್ಕಳಿಗೂ ಒಂದು ಅಡ್ಡಹೆಸರು ಇದೆ, ‘ಕೋನ್ಯೊ’ ಅಂತ. ಇಂಗ್ಲಿಷಿಗೆ ಮನಿಲಾ ಕಡೆಯ ಭಾಷೆ ಟಗಾಲೊಗ್ ಬೆರೆಸಿ ಮೂಗಿನಲ್ಲಿ ಮಾತಾಡುವವರು. ಅವರನ್ನೂ ಅಣಕಿಸುತ್ತಾರೆ. ಆದರೆ ಕೋನ್ಯೊ ಅನ್ನಿಸಿಕೊಂಡವನಿಗೆ ಅದರಿಂದ ಕೆಲಸ ತಪ್ಪಿದ್ದು ನಾನಂತೂ ಕಾಣೆ.

ವಿಚಿತ್ರ ಏನೆಂದರೆ, ವಸ್ತು ಅದೇ ಇದ್ದು ತೊಡುವವರು ಬದಲಾದರೆ ಬದುಯ್ ಹೋಗಿಬಿಡುತ್ತದೆ. ‘ಉಕಾಯ್-ಉಕಾಯ್’ ಎಂಬ ಅಂಗಡಿಗಳಿವೆ. ಹೊರದೇಶದಿಂದ ಬಂದ ಹಳೇ ಬಟ್ಟೆಯ ರಾಶಿ ಸುರಿದಿರುತ್ತಾರೆ, ಕೈಹಾಕಿ ಕೆದಕಿ ಆರಿಸಿಕೊಳ್ಳಬೇಕು. ಹಳೇ ಬಟ್ಟೆಯನ್ನು ವ್ಯಾಪಾರಕ್ಕೆ ತರಿಸಬಾರದು ಎಂದು 1966ರಲ್ಲೇ ಕಾನೂನು ಮಾಡಿದ್ದಾರೆ. ಅಂಗಡಿಗಳು ಮಾತ್ರ ಬೀದಿಬೀದಿಯಲ್ಲಿವೆ! ಮೊದಲು ಅಲ್ಲಿ ಕೊಂಡದ್ದನ್ನು ಜನ ಹೇಳಿಕೊಳ್ಳುತ್ತಿರಲಿಲ್ಲ. ಈಗ ಕಾಲೇಜಿನ ಶ್ರೀಮಂತ ಹುಡುಗಿಯರು ಹುಡುಕಿಕೊಂಡು ಹೋಗುತ್ತಾರೆ, ಫೋಟೊ ಹಾಕುತ್ತಾರೆ. ನಮ್ಮ ದಾವಾವೊದ ಬೀದಿ ಕುಣಿತ ‘ಬುದೊಟ್ಸ್’ ಕಥೆಯೂ ಅದೇ. ಪೋಲಿ ಹುಡುಗರ ಕುಣಿತ ಅಂತ ಮೂಗು ಮುರಿದಿದ್ದರು. 2019ರ ಚುನಾವಣೆಯಲ್ಲಿ ಸೆನೆಟ್ ಅಭ್ಯರ್ಥಿ ಬಾಂಗ್ ರೆವಿಲ್ಲಾ ಜಾಹೀರಾತಿನಲ್ಲಿ ಅದನ್ನೇ ಕುಣಿದರು. ಗೆದ್ದೂ ಬಿಟ್ಟರು.

ಆದರೆ ಎಲ್ಲವೂ ಇಷ್ಟು ತಮಾಷೆಯಾಗಿ ಮುಗಿದಿಲ್ಲ. ಸಿನಿಮಾ ನಟ ಜೋಸೆಫ್ ಎಸ್ಟ್ರಾಡ 1998ರಲ್ಲಿ ಬಡವರ ವೋಟಿನಿಂದ ಅಧ್ಯಕ್ಷರಾದರು. ಭ್ರಷ್ಟಾಚಾರದ ಆರೋಪ ಬಂದು, 2001ರ ಜನವರಿಯಲ್ಲಿ ಮನಿಲಾದ ಎಡ್ಸಾ ರಸ್ತೆಯಲ್ಲಿ ಜನ ಸೇರಿ ಅವರನ್ನು ಇಳಿಸಿದರು. ಅದಕ್ಕೆ ‘ಜನಶಕ್ತಿ’ ಎಂಬ ಹೆಸರಾಯಿತು. ಏಪ್ರಿಲ್‌ನಲ್ಲಿ ಎಸ್ಟ್ರಾಡ ಬಂಧನವಾದಾಗ ಅದೇ ರಸ್ತೆಗೆ ಅವರ ಕಡೆಯ ಬಡವರು ಬಂದು ಕೂತರು. ಇವರಿಗೆ ಸಿಕ್ಕ ಹೆಸರು ಹಲ್ಲಿಲ್ಲದವರು, ಸ್ನಾನ ಕಾಣದವರು ಅಂತ. ಎಸ್ಟ್ರಾಡ ಪರ ನಾನು ವಾದ ಮಾಡುತ್ತಿಲ್ಲ. ಆರೋಪಗಳು ಸುಮ್ನೆ ಹುಟ್ಟಿದ್ದಲ್ಲ, ಮುಂದೆ ಕೋರ್ಟಿನಲ್ಲಿ ಶಿಕ್ಷೆಯೂ ಆಯಿತು. ಆದರೆ ಅವರ ಪರ ಬಂದವರ ಹಲ್ಲು ಎಣಿಸಿದ್ದು ಯಾವ ನ್ಯಾಯ?

ಇನ್ನು ಇಂದಾಯ್ ವಿಷಯ. ದಾವಾವೊದಲ್ಲಿ ಜನ ಆಡುವುದು ಬಿಸಾಯಾ ಭಾಷೆ, ಮನಿಲಾದಲ್ಲಿ ಟಗಾಲೊಗ್. ನಾನು ಕಲಿತಿದ್ದು ಬಿಸಾಯಾ. ಮೊದಲ ಸಲ ಮನಿಲಾಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ‘ಪಿಲಾ ನಿ?’ ಅಂದೆ, ಇದಕ್ಕೆಷ್ಟು ಅಂತ. ಟಗಾಲೊಗ್‌ನಲ್ಲಿ ‘ಪಿಲಾ’ ಅಂದರೆ ಕ್ಯೂ. ಆ ಹುಡುಗಿ ಸಾಲಿನ ಕಡೆ ಕೈ ತೋರಿಸಿದಳು. ಆಮೇಲೆ ಗೊತ್ತಾಗಿ, ಪಕ್ಕದವಳಿಗೆ ‘ಬಿಸಾಯಾ!’ ಅಂದು ಇಬ್ಬರೂ ಕಿಸಕ್ಕನೆ ನಕ್ಕರು. ನಾನು ಹೊರಗಿನವನು, ನನಗೇನೂ ಅನ್ನಿಸಲಿಲ್ಲ. ಜೊತೆಗಿದ್ದ ದಾವಾವೊದ ಗೆಳೆಯನ ಮುಖ ಕೆಂಪಾಯಿತು.

ಬಿಸಾಯಾದಲ್ಲಿ ಇಂದಾಯ್ ಎಂದರೆ ಮುದ್ದಿನ ಮಗಳು, ತಂಗಿ, ‘ಅಮ್ಮಣ್ಣಿ’ ಎನ್ನುವ ಹಾಗೆ. ಪ್ರೀತಿಯೂ ಇದೆ, ಮರ್ಯಾದೆಯೂ ಇದೆ. ಉಪಾಧ್ಯಕ್ಷೆಯಾದ ಸಾರಾ ದುತೆರ್ತೆ ಅವರನ್ನು ಅವರ ಕಡೆಯವರು ‘ಇಂದಾಯ್ ಸಾರಾ’ ಅಂತಲೇ ಕರೆಯುತ್ತಾರೆ. ಬಿಸಾಯಾ ಸೀಮೆಯ ಹೆಣ್ಣುಮಕ್ಕಳು ಮನಿಲಾಕ್ಕೆ ಮನೆಗೆಲಸಕ್ಕೆ ಹೋದರು. ಅಲ್ಲಿಯವರು ಆ ಹೆಸರನ್ನೇ ಕೆಲಸದವಳ ಹೆಸರು ಮಾಡಿಕೊಂಡರು, ಜೋಕು ಕಟ್ಟಿದರು. ನಿಮ್ಮ ಪಟ್ಟಿಯಲ್ಲಿ ಬಂದಿರುವುದು ಈ ಮನಿಲಾದ ಅರ್ಥ. ಮುಂದಿನ ವಾರ ಮೊದಲಿನ ಅರ್ಥವನ್ನೂ ಹಾಕಿ ತಿದ್ದಿದರೆ ಉಪಕಾರವಾಗುತ್ತದೆ. ನನ್ನ ಸಹಪಾಠಿಯೊಬ್ಬಳು ಈಗ ಮನಿಲಾದಲ್ಲಿ ಡಾಕ್ಟರು. ಊರಿನಿಂದ ಅವಳ ಅಮ್ಮ ಫೋನ್ ಮಾಡಿದರೆ ವಾರ್ಡಿನಿಂದ ಹೊರಗೆ ಹೋಗಿ ಮಾತಾಡುತ್ತಾಳೆ. ಅಮ್ಮನ ದನಿ ಜೋರು, ಎತ್ತಿದ ಕೂಡಲೇ ‘ಇಂದಾಯ್’ ಅಂತ ಕೂಗುತ್ತಾರೆ.

— ಒಬ್ಬ ವೈದ್ಯ, ದಾವಣಗೆರೆ