ಆರು ತಿಂಗಳು ಕಾಯೋಕೆ ನಮಗೆ ಆಗುವುದಿಲ್ಲ: ಬ್ರಿಟನ್ನಿನ ವಸತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಈ ಪತ್ರವನ್ನು ಇಂಗ್ಲಿಷಿನಲ್ಲೂ ಬರೆದು ಅಂಚೆಗೆ ಹಾಕಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದು ಇಲ್ಲಿರುವ ನಮ್ಮವರೂ ಓದಲಿ ಅಂತ. ಯಾರ್ಕ್‌ಷೈರಿನಲ್ಲಿ ಕನ್ನಡದವರು ಸುಮಾರು ಜನ ಇದ್ದೇವೆ. ಕಷ್ಟ ಬಂದರೆ ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಸುಮ್ನೆ ಇದ್ದುಬಿಡುತ್ತೇವೆ. ನಾನೂ ಒಂದು ವರ್ಷ ಸುಮ್ನೆ ಇದ್ದೆ.

ನಮ್ಮ ಯಜಮಾನರಿಗೆ ಮೋಟಾರ್ ನ್ಯೂರಾನ್ ಕಾಯಿಲೆ. ಅವರಿಗೆ ತಕ್ಕ ಹಾಗೆ ಮನೆಯಲ್ಲಿ ಮಾರ್ಪಾಡು ಮಾಡಿಸೋಕೆ ಸಿಗುವ ಅನುದಾನದ ಬಗ್ಗೆ ಈ ಪತ್ರ. ರಾಬ್ ಬರೋಗೆ ಬಂದಿತ್ತಲ್ಲ, ಅದೇ.

ರಾಬ್ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ನಮ್ಮ ಓದುಗರಿಗೆ ಹೇಳಬೇಕು. ಪಾಂಟಿಫ್ರ್ಯಾಕ್ಟ್‌ನಲ್ಲಿ ಹುಟ್ಟಿದ ಹುಡುಗ. ಎತ್ತರ 5 ಅಡಿ 5 ಅಂಗುಲ. ಆನೆಗಳಂಥ ಆಳುಗಳು ಆಡುವ ರಗ್ಬಿ ಲೀಗ್‌ನಲ್ಲಿ ಇವನಿಗೇನು ಕೆಲಸ ಅಂದವರೇ ಜಾಸ್ತಿ. ಆ ಹುಡುಗ 2001ರಿಂದ 2017ರವರೆಗೆ ಲೀಡ್ಸ್ ರೈನೋಸ್ ಒಂದೇ ತಂಡಕ್ಕೆ 492 ಪಂದ್ಯ ಆಡಿದ. ಇಲ್ಲಿನ ರಗ್ಬಿ ಲೀಗ್‌ನ ಅತಿ ದೊಡ್ಡ ಪಂದ್ಯಾವಳಿ ಸೂಪರ್ ಲೀಗನ್ನು ಎಂಟು ಸಲ ಗೆದ್ದ. ನಮ್ಮ ಯಜಮಾನರು ಹಾಸನದ ಕಡೆ ಹಳ್ಳಿಯಲ್ಲಿ ಕಬಡ್ಡಿ ಆಡಿ ಬೆಳೆದವರು, ಅವರೂ ಕುಳ್ಳರೇ. ಇಲ್ಲಿಗೆ ಬಂದ ಹೊಸತರಲ್ಲಿ ಕೆಲಸದ ಜೊತೆಗಾರರು ಮೈದಾನಕ್ಕೆ ಕರೆದುಕೊಂಡು ಹೋದರು. ಮನೆಗೆ ಬಂದವರೇ, "ಇದು ನಮ್ಮ ಆಟವೇ ಕಣೇ, ಹಿಡಿಯೋಕೆ ಬಂದವರಿಂದ ನುಣುಚಿಕೊಳ್ಳೋದು" ಅಂದರು. ಅವತ್ತಿನಿಂದ ರಾಬ್ ಅಂದರೆ ಪ್ರಾಣ.

2011ರ ಸೂಪರ್ ಲೀಗ್ ಫೈನಲ್ ನೋಡೋಕೆ ಯಜಮಾನರು ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಹೋಗಿದ್ದರು. ಸೇಂಟ್ ಹೆಲೆನ್ಸ್ ಎದುರು ರಾಬ್ ತಮ್ಮ ಅರ್ಧದಿಂದಲೇ ಚೆಂಡು ಹಿಡಿದು ಹೊರಟು, ಒಬ್ಬನ ತೋಳಿನ ಕೆಳಗೆ ನುಸುಳಿ, ಗೆರೆ ದಾಟುವವರೆಗೂ ಓಡಿದರು. ಆ ಓಟವನ್ನು ನಮ್ಮ ಯಜಮಾನರು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಹೇಳುವಾಗ ಅವರೂ ತಲೆ ತಗ್ಗಿಸಿ ನುಸುಳುತ್ತಿದ್ದರು. ಈಗ ಹೇಳೋಕೆ ಆಗುವುದಿಲ್ಲ.

ಆಟ ಬಿಟ್ಟ ಎರಡೇ ವರ್ಷಕ್ಕೆ, 2019ರ ಡಿಸೆಂಬರ್‌ನಲ್ಲಿ ರಾಬ್‌ಗೆ ಈ ಕಾಯಿಲೆ ಅಂತ ಗೊತ್ತಾಯಿತು. ವಯಸ್ಸು 37. ಮಾಂಸಖಂಡಗಳನ್ನು ಆಡಿಸುವ ನರಗಳೇ ಒಂದೊಂದಾಗಿ ಸಾಯುತ್ತವೆ. ನಡಿಗೆ ಹೋಗುತ್ತದೆ, ಮಾತು ಹೋಗುತ್ತದೆ, ನುಂಗುವುದು ಹೋಗುತ್ತದೆ. ರಾಬ್ ಕಣ್ಣಿನ ನೋಟದಿಂದ ಕಂಪ್ಯೂಟರಿನಲ್ಲಿ ಅಕ್ಷರ ಆರಿಸಿ ಮಾತಾಡುತ್ತಿದ್ದರು. ರೈನೋಸ್‌ನಲ್ಲಿ ಜೊತೆಗೆ ಆಡಿದ ಗೆಳೆಯ ಕೆವಿನ್ ಸಿನ್‌ಫೀಲ್ಡ್ ಈ ಕಾಯಿಲೆಯವರಿಗೆ ಹಣ ಕೂಡಿಸಲು ಏಳು ದಿನದಲ್ಲಿ ಏಳು ಮ್ಯಾರಥಾನ್ ಓಡಿದರು. 2023ರ ಲೀಡ್ಸ್ ಮ್ಯಾರಥಾನ್‌ನಲ್ಲಿ ರಾಬ್ ಕೂತಿದ್ದ ಗಾಲಿಕುರ್ಚಿ ತಳ್ಳಿಕೊಂಡು ಓಡಿ, ಕೊನೆಯ ಗೆರೆಯನ್ನು ಗೆಳೆಯನನ್ನು ಎತ್ತಿಕೊಂಡೇ ದಾಟಿದರು. ಇಡೀ ದೇಶ ಕಣ್ಣೀರು ಹಾಕಿತು. 2024ರ ಜನವರಿಯಲ್ಲಿ ರಾಜಕುಮಾರ ವಿಲಿಯಂ ರೈನೋಸ್ ಮೈದಾನ ಹೆಡಿಂಗ್ಲಿಗೇ ಬಂದು ಇಬ್ಬರಿಗೂ ಪದಕ ಕೊಟ್ಟರು. ಅದೇ ಜೂನ್ 2ಕ್ಕೆ ರಾಬ್ ಹೋದರು, 41ನೇ ವಯಸ್ಸಿಗೆ.

ಪದಕ ಕೊಟ್ಟಿದ್ದು ಒಳ್ಳೆಯದೇ ಸಚಿವರೇ. ಆದರೆ ಈ ಕಾಯಿಲೆಯವರು ಸ್ನಾನ ಎಲ್ಲಿ ಮಾಡಬೇಕು?

ಇರುವ ಮನೆಯಲ್ಲೇ ಮಾರ್ಪಾಡು ಮಾಡಿಸಿಕೊಳ್ಳಲು ಅಂಗವಿಕಲರಿಗೆ ಕೊಡುವ ಅನುದಾನದ ನಿಯಮ ನಿಮಗೆ ಬಾಯಿಪಾಠ ಇರಬೇಕು. ಇಂಗ್ಲೆಂಡಿನಲ್ಲಿ ಮಿತಿ 30,000 ಪೌಂಡ್. 2008ರಿಂದ ಅಷ್ಟೇ. ಅರ್ಜಿ ಪೂರ್ತಿ ಸಲ್ಲಿಸಿದ ಮೇಲೆ ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಆರು ತಿಂಗಳೊಳಗೆ ತೀರ್ಮಾನ ಹೇಳಬೇಕು. ಅದಕ್ಕೂ ಮುಂಚೆ ಮನೆ ನೋಡಲು ಬರುವವರಿಗಾಗಿ ಕಾದ ತಿಂಗಳುಗಳು ಲೆಕ್ಕಕ್ಕೇ ಇಲ್ಲ. ಗೊತ್ತಾದ ಎರಡು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನರನ್ನು ಕೊಂಡೊಯ್ಯುವ ಕಾಯಿಲೆಗೆ ಆರು ತಿಂಗಳು!

ನಾವು ಅರ್ಜಿ ಹಾಕಿದಾಗ ಅವರು ಕೋಲು ಹಿಡಿದು ನಡೆಯುತ್ತಿದ್ದರು. ಮೆಟ್ಟಿಲಿಗೆ ಒಂದು ಲಿಫ್ಟ್ ಕುರ್ಚಿ, ಕೆಳಗೆ ಒಂದು ಬಚ್ಚಲು, ಇಷ್ಟೇ ಕೇಳಿದ್ದು. ಆದಾಯದ ಕಾಗದ ಕೊಟ್ಟೆವು. ಮತ್ತೆ ಕೇಳಿದರು, ಮತ್ತೆ ಕೊಟ್ಟೆವು. ಒಂದು ಮಧ್ಯಾಹ್ನ ಫೋನ್ ಬಂತು. ಅರ್ಜಿದಾರರೇ ತಮ್ಮ ಹೆಸರು, ಹುಟ್ಟಿದ ತಾರೀಖು ಹೇಳಬೇಕು ಅಂದರು. ಅವರಿಗೆ ಮಾತು ಹೋಗಿದೆ, ಅರ್ಜಿಯಲ್ಲೇ ಬರೆದಿದ್ದೇನೆ ಅಂದೆ. ಕೇಳಲಿಲ್ಲ. ಫೋನನ್ನು ಅವರ ಕಿವಿಗೆ ಹಿಡಿದೆ. ಹೆಸರು ಹೇಳೋಕೆ ಅವರು ಒದ್ದಾಡಿದ್ದನ್ನು ನೋಡಿದೆ. ಕುತ್ತಿಗೆಯ ನರ ಉಬ್ಬಿತು, ಜೊಲ್ಲು ಸುರಿಯಿತು, ಬಂದಿದ್ದು ಬರೀ ಉಸಿರು. ಆ ಕಡೆಯಿಂದ "ಕೇಳಿಸುತ್ತಿಲ್ಲ" ಅಂತ ಎರಡು ಸಲ ಹೇಳಿ ಇಟ್ಟುಬಿಟ್ಟರು. ಈ ದೇಶಕ್ಕೆ 19 ವರ್ಷ ತೆರಿಗೆ ಕಟ್ಟಿದ ಮನುಷ್ಯ ಅವತ್ತು ನನ್ನ ಮುಖ ನೋಡಲಿಲ್ಲ, ಗೋಡೆ ಕಡೆ ತಿರುಗಿದರು.

ಲಿಫ್ಟ್ ಕುರ್ಚಿ ಕೊನೆಗೂ ಮಂಜೂರಾಯಿತು. ಅಷ್ಟರಲ್ಲಿ ಅವರಿಗೆ ನೆಟ್ಟಗೆ ಕೂರುವ ಶಕ್ತಿಯೇ ಇರಲಿಲ್ಲ. ಅದು ಈಗ ಮೆಟ್ಟಿಲಿನ ಬುಡದಲ್ಲಿ ಮಡಚಿಕೊಂಡು ನಿಂತಿದೆ. ಬಚ್ಚಲಂತೂ ಇನ್ನೂ ಬಂದಿಲ್ಲ. ಮುಂದಿನ ಕೋಣೆಯಲ್ಲೇ ಹಾಸಿಗೆ, ಅಲ್ಲೇ ಬಕೆಟ್ಟು, ಅಲ್ಲೇ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು. ಅವರ ರೈನೋಸ್ ಜೆರ್ಸಿಯ ಬೆನ್ನನ್ನು ಉದ್ದಕ್ಕೆ ಕತ್ತರಿಸಿದ್ದೇನೆ. ಕೈ ಎತ್ತೋಕೆ ಆಗುವುದಿಲ್ಲ, ಆದರೆ ಪಂದ್ಯದ ದಿನ ಅದೇ ಬೇಕು. ಮುಂದಿನಿಂದ ತೊಡಿಸಿ ಹಿಂದೆ ಸಿಕ್ಕಿಸುತ್ತೇನೆ. ರಾಬ್ ಹಾಕುತ್ತಿದ್ದ 7ನೇ ನಂಬರು ಬೆನ್ನಿನ ಮೇಲೆ ಎರಡು ಹೋಳಾಗಿದೆ.

ನನ್ನ ಬೇಡಿಕೆ ಇಷ್ಟು. ಮೋಟಾರ್ ನ್ಯೂರಾನ್ ಕಾಯಿಲೆಯವರ ಅರ್ಜಿಗೆ ಬೇರೆ ಸಾಲು ಮಾಡಿ. ಆದಾಯದ ಲೆಕ್ಕ ಕೇಳಬೇಡಿ. ತಿಂಗಳುಗಳಲ್ಲಿ ಅಲ್ಲ, ವಾರಗಳಲ್ಲಿ ಕೊಡಿ. ಕೆಲವು ಕೌನ್ಸಿಲ್‌ಗಳು ಈಗಾಗಲೇ ಆದಾಯ ನೋಡದೆ ಕೊಡುತ್ತಿವೆ, ಅಂದರೆ ಆಗದ ಕೆಲಸ ಏನಲ್ಲ. ಅದನ್ನೇ ಎಲ್ಲರಿಗೂ ನಿಯಮ ಮಾಡಿ. 2021ರಲ್ಲಿ ನಿಮಗಿಂತ ಮುಂಚಿನ ಸರ್ಕಾರ ಈ ಕಾಯಿಲೆಯ ಸಂಶೋಧನೆಗೆ 5 ಕೋಟಿ ಪೌಂಡ್ ಕೊಡುತ್ತೇವೆ ಅಂದಿತು. ಔಷಧಿ ಬರಲಿ, ಬರಲೇಬೇಕು. ಅಲ್ಲಿಯವರೆಗೆ ಬಚ್ಚಲು ಬೇಕಲ್ವಾ? ಮತ್ತೊಮ್ಮೆ ಕೇಳುತ್ತೇನೆ: ಬೇರೆ ಸಾಲು, ವಾರಗಳ ಗಡುವು, ಆದಾಯದ ಲೆಕ್ಕ ಬೇಡ.

ಉತ್ತರ ಬರೆಯುವುದಾದರೆ ಬೇಗ ಬರೆಯಿರಿ. ಅವರಿಗೆ ಓದಿ ಹೇಳುತ್ತೇನೆ. ಕಿವಿ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಇಂತಿ,
ಯಾರ್ಕ್‌ಷೈರಿನ ಒಬ್ಬ ಕನ್ನಡ ಹೆಂಗಸು