ಕಡತ ತೆರೆದು ನೋಡಿದವರಿಗೆ

ಮಂಗಳೂರಿನ ಕಾವೂರಿನಲ್ಲಿ ಏಳು ಸೆಂಟ್ಸ್ ಜಾಗವನ್ನು ಕೊಳ್ಳುವಾಗ ನಾನು ಅಧಿಕಾರ ದುರುಪಯೋಗ ಮಾಡಿಲ್ಲವೆಂದು ವಿಚಾರಣಾ ವರದಿ ಬಂದಿದೆ. ನಗರಾಡಳಿತದ ನೌಕರನಾದ ನನ್ನನ್ನು 'ಜಾಗ ನುಂಗಿದವನು' ಎಂದು ಊರೆಲ್ಲ ಆಡಿಕೊಂಡ ಕಾಲದಲ್ಲಿ ಜೊತೆಗೆ ನಿಂತವರಿಗೆ ಎಲ್ಲರೆದುರೇ ಕೃತಜ್ಞತೆ ಹೇಳಬೇಕು. ಆರೋಪವೂ ಎಲ್ಲರೆದುರೇ ಬಂದಿತ್ತು.

ಜಾಗ ಮಾರಿದ ಹಿರಿಯಮ್ಮನವರದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಹರಿದುಬರುವ ಕುಟುಂಬ. ಪಾಲುಪಟ್ಟಿಯಲ್ಲಿ ಅವರ ಕವರಿಗೆ (ಕುಟುಂಬದ ತಾಯಿ ಕಡೆಯ ಕವಲಿಗೆ) ಬಂದ ಭೂಮಿ ಅದು. ನಮ್ಮ ಜಿಲ್ಲೆಯಲ್ಲಿ ಪಹಣಿಯೊಂದನ್ನು ನೋಡಿದರೆ ಸಾಲದು. ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ಜಮೀನಿಗೆ ತಾಗಿದ, ಅದರ ಒಡೆಯ ಬಳಸುವ ಸರ್ಕಾರಿ ಜಾಗ), ಕವರಿನ ಪಾಲು ಎಂದು ಹಳೆಯ ತಲೆಮಾರುಗಳವರೆಗೆ ಹುಡುಕಬೇಕು. ಅನುಮಾನ ಹುಟ್ಟಿಸಲು ಈ ಗೋಜಲೇ ಸಾಕು. ಆ ತಾಯಿ ಮಂಡಿನೋವಿನಲ್ಲೂ ಮಹಡಿ ಹತ್ತಿ ಬಂದು, "ನನ್ನ ಪಾಲು ನಾನು ಮಾರಿದೆ, ಹಣ ನನ್ನ ಖಾತೆಗೆ ಬಂತು. ಇವರು ಕದ್ದದ್ದೇನು?" ಎಂದು ವಿಚಾರಣಾಧಿಕಾರಿಯನ್ನೇ ಕೇಳಿದರು. ಅಮ್ಮಾ, ನಿಮ್ಮ ಋಣ ದೊಡ್ಡದು.

ಪಾಲುಪಟ್ಟಿಯ ದೃಢೀಕೃತ ನಕಲು, ಋಣಭಾರ ಪ್ರಮಾಣಪತ್ರಗಳನ್ನು ತೆಗೆಸಿಕೊಟ್ಟ ದಸ್ತಾವೇಜು ಬರಹಗಾರರಿಗೆ ವಂದನೆ. ಕ್ರಯಪತ್ರದ ಮೊತ್ತ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರಕ್ಕಿಂತ ಹೆಚ್ಚೇ ಇದ್ದದ್ದು ಅವರಿಂದ ಎಲ್ಲರಿಗೂ ತಿಳಿಯಿತು. ಸರ್ಕಾರಿ ನೌಕರ ಸ್ಥಿರಾಸ್ತಿ ಕೊಳ್ಳುವ ಮೊದಲೇ ಮೇಲಧಿಕಾರಿಗೆ ತಿಳಿಸಬೇಕೆಂದು ನಡತೆ ನಿಯಮಗಳು ಹೇಳುತ್ತವೆ. ನಾನು ಕೊಟ್ಟಿದ್ದ ಪತ್ರವನ್ನು ಕಚೇರಿಗೆ ಬಂದ ಪತ್ರಗಳ ಹಳೆಯ ಆವಕ ವಹಿಯಿಂದ ಹುಡುಕಿ ತೆಗೆದ ಸಹೋದ್ಯೋಗಿಗೂ ವಂದನೆ.

ಎಲ್ಲರಿಗಿಂತ ಹೆಚ್ಚು ನೆನೆಯಬೇಕಾದವರು ನೆರೆಮನೆಯ ನಿವೃತ್ತ ಗ್ರಾಮಕರಣಿಕರು. ಅವರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. "ಮೊದಲು ಕಡತ ತನ್ನಿ" ಎಂದರು. ರಾತ್ರಿ ಊಟದ ನಂತರ ಕನ್ನಡಕ ಏರಿಸಿ, ಗಡಿಗುರುತಿನ ನಕ್ಷೆಯಿಂದ ಬ್ಯಾಂಕ್ ಸಾಲದ ಮಂಜೂರಾತಿಯವರೆಗೆ ಒಂದೊಂದೇ ಹಾಳೆ ಓದಿದರು, ಎದುರಾಳಿ ವಕೀಲರಂತೆ ಪ್ರಶ್ನೆ ಹಾಕಿದರು. ನನಗೆ ನೋವಾಯಿತು, ನಿಜ. ಆದರೆ ಮರುದಿನದಿಂದ ಅಂಗಡಿಯ ಜಗಲಿಯಲ್ಲಿ ನನ್ನ ಮಾತೆತ್ತಿದವರಿಗೆ ದಿನಾಂಕ, ಸರ್ವೆ ನಂಬರ್ ಸಹಿತ ಉತ್ತರಿಸಿದವರು ಅವರೇ. ಕಣ್ಣು ಮುಚ್ಚಿ ನಂಬಿದ ಗೆಳೆಯರ ಪ್ರೀತಿ ದೊಡ್ಡದು. ಓದಿ ನಂಬಿದ ಇವರ ಮಾತಿಗೆ ಊರಿನಲ್ಲಿ ತೂಕವಿತ್ತು.

ಒಂದು ಮದುವೆ, ದೇವಸ್ಥಾನದ ಒಂದು ಬ್ರಹ್ಮಕಲಶವನ್ನೂ ತಪ್ಪಿಸದೆ ತಲೆಯೆತ್ತಿ ಹೋಗಿಬಂದ ನನ್ನ ಹೆಂಡತಿಗೆ ಏನು ಹೇಳಲಿ, ಮಾತು ಸಾಲದು.

ದೂರು ಕೊಟ್ಟವರ ಮೇಲೆ ನನಗೆ ಹಗೆಯಿಲ್ಲ. ಅಧಿಕಾರದಲ್ಲಿರುವವನ ಆಸ್ತಿಯ ಬಗ್ಗೆ ಕೇಳುವುದು ನಾಗರಿಕರ ಹಕ್ಕು. ವರದಿ ಬರುವ ಮೊದಲೇ ಕಳ್ಳನೆಂದು ಬರೆದದ್ದು ಮಾತ್ರ ಅನ್ಯಾಯ. ಜಾಗ ಮಾರಿದ ಆ ತಾಯಿಯ ಕುಟುಂಬದೊಳಗಿನ ಪಾಲಿನ ತಕರಾರು ಸಿವಿಲ್ ನ್ಯಾಯಾಲಯದಲ್ಲಿದೆ, ಅಲ್ಲಿಯ ತೀರ್ಪಿಗೆ ನಾನು ಬದ್ಧ. ಕ್ರಯಪತ್ರ, ಸಾಲದ ಕಾಗದ, ವರದಿಯ ಪ್ರತಿ ಎಲ್ಲವೂ ಮನೆಯಲ್ಲಿವೆ. ಇನ್ನೂ ಸಂಶಯವಿರುವವರು ಭಾನುವಾರ ಬೆಳಿಗ್ಗೆ ಬಂದು ನೋಡಬಹುದು.