ಬೇಲೂರಿನ ಅಯ್ಯನವರಿಗೆ, ಮತ್ತೆ ಉಳಿದ ಎಲ್ಲರಿಗೂ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಕಳೆದ ಭಾನುವಾರ ಸಭೆಯ ಪಾಸ್ಟರ್ ಆಗಿರುವ ನಮ್ಮ ಮನೆಯವರು ಮತ್ತೆ ಪ್ರಸಂಗ ಮಾಡಿದರು. ಬಂದವರು ನೋಡಿದ್ದೀರಿ, ಬರಲಾಗದವರು ಫೋನ್ ಮಾಡಿ ಕೇಳಿದ್ದೀರಿ. ಮೊದಲೆಲ್ಲ ಮುಕ್ಕಾಲು ಗಂಟೆಗೆ ಕಮ್ಮಿ ನಿಲ್ಲಿಸುತ್ತಿರಲಿಲ್ಲ, ಈ ಸಲ ಕಾಲು ಗಂಟೆಗೇ ಮುಗಿಸಿದರು. "ಇದೇ ಚೆನ್ನಾಗಿತ್ತು" ಅಂತ ಅಜ್ಜಿಯೊಬ್ಬರು ನನ್ನ ಕಿವಿಯಲ್ಲಿ ಹೇಳಿ ಹೋದರು.

ಈ ವರ್ಷ ಇವರ ಮನಸ್ಸು ಕುಸಿದು ಹೋಗಿದ್ದನ್ನು ಮತ್ತೆ ಬಿಡಿಸಿ ಬರೆಯುವುದಿಲ್ಲ. ಗೊತ್ತಿರುವವರಿಗೆ ಗೊತ್ತು. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಆದರೆ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೇಲೂರಿನ ಅಯ್ಯನವರು. "ಹೆಸರು ಹಾಕಬೇಡಮ್ಮ" ಅಂದಿದ್ದಾರೆ, ಹಾಕುವುದಿಲ್ಲ. ಮಂಗಳೂರಿನ ಬಲ್ಮಠದ ದೇವಶಾಸ್ತ್ರದ ಕಾಲೇಜಿನಲ್ಲಿ ಓದಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಪಾಸ್ಟರ್ ಆಗಿ ಸೇವೆ ಮಾಡಿ ರಿಟೈರ್ ಆದವರು. ನಮ್ಮದೋ ಸಕಲೇಶಪುರದ ಕಡೆ ಒಂದು ಸಣ್ಣ ಸ್ವತಂತ್ರ ಸಭೆ. ಅರ್ಧಕ್ಕರ್ಧ ಜನ ಎಸ್ಟೇಟಿನ ಲೈನ್ ಮನೆಗಳವರು. ಮೇಲೆ ಬಿಷಪ್ ಇಲ್ಲ, ವರ್ಗಾವಣೆ ಇಲ್ಲ, ಪಿಂಚಣಿ ಇಲ್ಲ. ತೋಟದಲ್ಲಿ ಕೆಲಸ ಕಮ್ಮಿಯಾದರೆ ಕಾಣಿಕೆಯೂ ಕಮ್ಮಿ. ಎಲ್ಲರ ಕಷ್ಟವೂ ಪಾಸ್ಟರ್ ಕಿವಿಗೆ ಬೀಳುತ್ತದೆ. ಪಾಸ್ಟರ್ ತನ್ನ ಕಷ್ಟ ಯಾರ ಹತ್ತಿರ ಹೇಳಿಕೊಳ್ಳಬೇಕು? ವಿಶ್ವಾಸಿಗಳಿಗೆ ಹೇಳಿದರೆ ಸಂಜೆಯೊಳಗೆ ಸಭೆಗೆಲ್ಲ ಗೊತ್ತಾಗುತ್ತದೆ. ಪಕ್ಕದೂರಿನ ಪಾಸ್ಟರ್ ಹತ್ತಿರ ಹೇಳೋಣ ಅಂದರೆ ಸುಮ್ನೆ ಒಂದು ಪೈಪೋಟಿ, ಯಾರ ಸಭೆಗೆ ಎಷ್ಟು ಜನ ಬರುತ್ತಾರೆ ಅಂತ. ನಿಜ ಅಲ್ವಾ?

ಪುನರ್ವಸು ಮಳೆ ಹೊಡೆಯುತ್ತಿದ್ದ ಆ ರಾತ್ರಿ ಕರೆಂಟೂ ಇರಲಿಲ್ಲ. ಅಯ್ಯನವರಿಗೆ ಫೋನ್ ಮಾಡಿದೆ. ಅಷ್ಟೊಂದು ಪರಿಚಯವೇನೂ ಇರಲಿಲ್ಲ. ಹಾಸನದಲ್ಲಿ ಸೋಮವಾರ ನಡೆಯುವ ಪಾಸ್ಟರ್‌ಗಳ ಕೂಟದಲ್ಲಿ ಇವರಿಗೆ ನಂಬರ್ ಕೊಟ್ಟಿದ್ದರು, ಅಷ್ಟೇ. "ಅವನ ಪಕ್ಕದಲ್ಲೇ ಕೂತಿರಮ್ಮ, ಎದ್ದು ಹೋಗಬೇಡ. ಬಂದೆ" ಅಂದರು. ಯಾರದೋ ಪಿಕಪ್ ಹತ್ತಿಕೊಂಡು ಬಂದೇಬಿಟ್ಟರು. ಬಂದವರು ಬೈಬಲ್ ತೆಗೆಯಲಿಲ್ಲ. ಒದ್ದೆ ಸ್ವೆಟರ್ ಬಿಚ್ಚಿ ಒಲೆ ಹತ್ತಿರ ಹರವಿದರು. "ಇವನು ಊಟ ಮಾಡಿ ಎಷ್ಟು ಹೊತ್ತಾಯ್ತು?" ಅಂತ ಕೇಳಿದರು. ನನ್ನನ್ನು ಏಳಲು ಬಿಡದೆ, ಮೊಬೈಲ್ ಟಾರ್ಚ್ ಹಿಡಿದು ಉಪ್ಪಿನ ಡಬ್ಬಿ ಹುಡುಕಿ ತಾವೇ ಗಂಜಿ ಕಾಯಿಸಿದರು.

"ನನಗೆ ಪ್ರಾರ್ಥನೆ ಬರ್ತಾ ಇಲ್ಲ ಅಯ್ಯನವರೇ" ಅಂತ ಇವರು ಅಂದಾಗ ನನ್ನ ಎದೆ ಧಸಕ್ ಅಂದಿತು. ಅಯ್ಯನವರಿಗೆ ಏನೂ ಅನ್ನಿಸಲೇ ಇಲ್ಲ. "ಬರದಿದ್ರೆ ಬಿಡು. ನಿನ್ನ ಪಾಲಿಂದೂ ನಾನೇ ಮಾಡ್ತೀನಿ. ನೀನು ಗಂಜಿ ಕುಡಿ" ಅಂದರು. ಬೈಬಲ್‌ನಲ್ಲಿ, ಸತ್ತರೆ ಸಾಕು ಅಂತ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡಿದ್ದಾಗ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ, ನೀರು. ಇದರ ಮೇಲೆ ನಮ್ಮ ಮನೆಯವರೇ ಎಷ್ಟು ಸಲ ಪ್ರಸಂಗ ಮಾಡಿದ್ದಾರೋ. ನನಗೆ ಅರ್ಥವಾಗಿದ್ದು ಅವತ್ತು.

ಬೆಳಗಿನವರೆಗೂ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಿಗ್ಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವರೂ ಅವರೇ. ಹೊರಡುವ ಮೊದಲು ಗೋಡೆಯ ಕ್ಯಾಲೆಂಡರ್ ಮೇಲೆ 14416 ಅಂತ ದಪ್ಪಗೆ ಬರೆದರು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದವರು ಇಟ್ಟಿರುವ ಟೆಲಿ ಮಾನಸ್ ನಂಬರ್ ಅದು. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. "ನನಗೂ ವಯಸ್ಸಾಯ್ತು, ನಿದ್ದೆ ಹತ್ತಿದ್ರೆ ಫೋನ್ ಕೇಳಿಸಲ್ಲ. ಆಗ ಇದಕ್ಕೆ ಮಾಡಮ್ಮ" ಅಂದರು.

ಇನ್ನೊಂದು ಮಾತು ಬರೆದುಬಿಡುತ್ತೇನೆ. "ಪಾಸ್ಟರ್‌ಗೆ ಮಾತ್ರೆ ಯಾಕೆ, ವಿಶ್ವಾಸ ಕಮ್ಮಿಯಾಯ್ತಾ?" ಅಂದವರಿದ್ದರು. ಶುಗರ್ ಮಾತ್ರೆ ನುಂಗುವಾಗ ಯಾರೂ ಯಾರ ವಿಶ್ವಾಸದ ಲೆಕ್ಕವನ್ನೂ ಕೇಳುವುದಿಲ್ಲ. ಆ ದಿನಗಳಲ್ಲಿ ನನಗೂ ದೇವರ ಮೇಲೆ ಸಿಟ್ಟು ಬಂದಿತ್ತು. ನಿನ್ನ ಕೆಲಸ ಮಾಡಿ ಮಾಡಿಯೇ ಅಲ್ವಾ ಇವರು ಹೀಗಾಗಿದ್ದು ಅಂತ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಪಾಸ್ಟರಮ್ಮ ಹೀಗೆಲ್ಲ ಬರೆಯಬಾರದು ಅನ್ನುವವರು ಅನ್ನಲಿ. ಅಯ್ಯನವರ ಹತ್ತಿರ ಹೇಳಿಕೊಂಡಾಗ, "ದಾವೀದನೂ ಕೀರ್ತನೆಯಲ್ಲಿ ಇದನ್ನೇ ಅಲ್ವೇನಮ್ಮ ಹಾಡಿದ್ದು?" ಅಂದು, ಒಂದು ಲೋಟ ಕಾಫಿ ಕೇಳಿದರು.

ಆಮೇಲೆ ವಾರವಾರವೂ ಬಸ್ ಹತ್ತಿ ಬಂದರು. ಇಬ್ಬರೂ ತೋಟದ ರಸ್ತೆಯಲ್ಲಿ ನಡೆದುಕೊಂಡು ಹೋಗುತ್ತಿದ್ದರು. ಬುದ್ಧಿವಾದ ಕಮ್ಮಿ, ಪ್ರಶ್ನೆ ಜಾಸ್ತಿ. ನಿದ್ದೆ ಬರ್ತಿದೆಯಾ, ಮಕ್ಕಳ ಜೊತೆ ಕೂತಿದ್ದೆಯಾ, ಯಾರ ಮನೆ ಜಗಳಕ್ಕೆ ಮಧ್ಯರಾತ್ರಿ ಎದ್ದು ಹೋದೆ. ಸಾಲದ ವಿಷಯವೂ ಹೀಗೇ ನಡೆಯುತ್ತಾ ಹೊರಬಂತು. ಸೋಮವಾರ ಇವರ ಫೋನ್ ನನ್ನ ಕೈಯಲ್ಲಿರಬೇಕು ಅನ್ನುವುದು ಅವರದೇ ಆರ್ಡರ್. "ನಮ್ಮಂಥ ಸಣ್ಣ ಸಭೆಯವರಿಗೆ ಇಷ್ಟೆಲ್ಲ ಯಾಕೆ?" ಅಂತ ಇವರು ಒಮ್ಮೆ ಕೇಳಿದರು. "1947ರಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು ಎಲ್ಲ ಸೇರಿ ಒಂದೇ ಸಭೆ ಆದೋರು ಕಣಪ್ಪ ನಾವು. ನಿನ್ನ ಜೊತೆ ಅರ್ಧ ಮೈಲಿ ನಡೆಯೋಕೆ ಏನು ಕಷ್ಟ?" ಅಂದರು.

ಆಲೂರು, ಅರಕಲಗೂಡು, ಮೂಡಿಗೆರೆಯ ಪಾಸ್ಟರ್‌ಗಳು ಭಾನುವಾರಗಳನ್ನು ಹಂಚಿಕೊಂಡು ಬಂದು ವಾಕ್ಯ ಹೇಳಿದರು, ಬಸ್ ಚಾರ್ಜ್ ಕೂಡ ಮುಟ್ಟಲಿಲ್ಲ. ಚಿಕ್ಕಮಗಳೂರಿನ ಫಾದರ್ ಮಕ್ಕಳ ಫೀಸಿಗೆ ದಾರಿ ಮಾಡಿದರು, ಕಮಿಟಿಯವರು ಕಾಣಿಕೆ ಕವರ್ ತಪ್ಪದೆ ಮನೆಗೆ ತಲುಪಿಸಿದರು, ಲೈನ್ ಮನೆಯ ಅಕ್ಕಂದಿರು ಕಳಲೆ, ಕೆಸುವಿನ ಎಲೆ ತಂದು ಬಾಗಿಲಲ್ಲಿಟ್ಟು ಹೋದರು. ಎಲ್ಲರಿಗೂ ಕೈಮುಗಿಯುತ್ತೇನೆ.

ಸೋಮವಾರದ ಕೂಟದವರಿಗೂ. ಅಲ್ಲಿ ಹೇಳಿದ್ದು ಆಚೆ ಹೋಗುವುದಿಲ್ಲ, "ಪ್ರಾರ್ಥನಾ ವಿನಂತಿ" ಅಂತ ವಾಟ್ಸಾಪ್ ಗ್ರೂಪಿಗೂ ಹೋಗುವುದಿಲ್ಲ. ಈ ಒಂದು ನಿಯಮ ಇಲ್ಲದಿದ್ದರೆ ಇವರು ಅಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ.

ಮುಂದಿನ ಕೂಟ ನಮ್ಮ ಮನೆಯಲ್ಲೇ. ಈ ಸಲ ಪಾಸ್ಟರಮ್ಮಂದಿರೂ ಬನ್ನಿ, ನಮಗೂ ಹೇಳಿಕೊಳ್ಳುವುದು ಬೇಕಾದಷ್ಟಿದೆ. ಗಂಡಸರು ಹೊರಗೆ ಜಗಲಿಯಲ್ಲಿ ಕೂರಲಿ, ನಾವು ಒಳಗೆ ಕೂರೋಣ. ಯಾರು ಯಾರು ಬರುತ್ತೀರಿ ಅಂತ ಶನಿವಾರದೊಳಗೆ ತಿಳಿಸಿ, ಅಕ್ಕಿ ರೊಟ್ಟಿಗೆ ಹಿಟ್ಟು ಬೀಸಿಸಬೇಕು.